ಐವತ್ತು ಪರ್ಸೆಂಟ್ ಆಫ್: ಖಾಲಿ ಕುರ್ಚಿಗೋ, ಕಪ್ಪು ಮುಖಕ್ಕೋ?

ಟ್ಯಾನಿಂಗ್ ಸಲೂನ್ ಅಂದ್ರೆ ಏನು ಅಂತ ನಮ್ಮ ರಾಮದುರ್ಗದಲ್ಲಿ ಯಾರನ್ನಾದ್ರೂ ಕೇಳಿ ನೋಡ್ರಿ. ತೊಗಲು ಹದ ಮಾಡೋ ಜಾಗ ಇರಬೇಕು ಅಂತಾರೆ. ಆ ಉತ್ತರ ಅರ್ಧ ಸರೀನೇ ಐತಿ. ಅಮೆರಿಕ, ಯುರೋಪಿನಲ್ಲಿ ಆ ಹೆಸರಿನ ಅಂಗಡಿಗೆ ಹೋಗುವವರು ದುಡ್ಡು ಕೊಟ್ಟು ತಮ್ಮದೇ ತೊಗಲನ್ನು ಹದ ಮಾಡಿಸಿಕೊಂಡು ಬರುತ್ತಾರೆ. ಮಂಚದಂಥ ಒಂದು ಪೆಟ್ಟಿಗೆ, ಅದರ ಮೇಲೂ ಕೆಳಗೂ ನೇರಳಾತೀತ ಕಿರಣ ಬಿಡುವ ಟ್ಯೂಬ್‌ಗಳು, ನಡುವೆ ಗಿರಾಕಿ. ಹತ್ತು ಹದಿನೈದು ನಿಮಿಷ ಮಲಗಿ ಎದ್ದರೆ ಬಿಳಿ ಮೈ ಕಂದು ಆಗುತ್ತೆ. ಏಪ್ರಿಲ್ ತಿಂಗಳಲ್ಲಿ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸುರೇಬಾನದ ಬಸ್ಸಿಗೆ ಕಾದು ನಿಂತರೆ ಅದೇ ಸೇವೆ ಪುಕ್ಕಟೆ ಸಿಗುತ್ತೆ, ಅದು ಬೇರೆ ಮಾತು.

ನಮ್ಮಲ್ಲಿ ಮಾರಾಟಕ್ಕಿರೋದು ಇದರ ಉಲ್ಟಾ. ಅಲ್ಲಿ ಟ್ಯಾನ್ ಹಾಕುವುದಕ್ಕೆ ಪ್ಯಾಕೇಜ್, ಇಲ್ಲಿ ಟ್ಯಾನ್ ತೆಗೆಯುವುದಕ್ಕೆ ಪ್ಯಾಕೇಜ್. ಬೆಳಗಾವಿ, ಹುಬ್ಬಳ್ಳಿಯ ದೊಡ್ಡ ಸಲೂನ್‌ಗಳಿಂದ ಹಿಡಿದು ತಾಲೂಕು ಊರುಗಳ ಒಂದೇ ಕುರ್ಚಿಯ ಬ್ಯೂಟಿ ಪಾರ್ಲರ್‌ವರೆಗೆ ‘ಡಿ-ಟ್ಯಾನ್’ ಅನ್ನೋ ಶಬ್ದ ಬೋರ್ಡಿನ ಮೇಲೆ ಬಂದು ಕೂತಿದೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ‘50% ಆಫ್’. ಈ ಎರಡೂ ಶಬ್ದ ಯಾಕೆ ಯಾವಾಗಲೂ ಜೊತೆ ಜೊತೆಯಾಗಿಯೇ ಕಾಣುತ್ತವೆ? ನಮ್ಮ ಜನಕ್ಕೆ ಬಿಳಿ ಬಣ್ಣದ ಹುಚ್ಚು, ಅದಕ್ಕೇ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಹುಚ್ಚು ಇರೋದು ಹೌದು. ಆದರೆ ನನ್ನ ಪ್ರಕಾರ ಅರ್ಧ ಕಾರಣ ಆ ಹುಚ್ಚಿನಲ್ಲಿಲ್ಲ, ಆಫರ್‌ನ ಲೆಕ್ಕದಲ್ಲಿದೆ.

ಲೆಕ್ಕ ಮಾಡೋಣ. ನಮ್ಮ ಸಿಲಬಸ್ಸಿನ ಬ್ರೇಕ್-ಈವನ್ ಅನಾಲಿಸಿಸ್ ಪರೀಕ್ಷೆ ಮುಗಿದ ಮೇಲೆ ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಊಹೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಒಂದು ಫೇಶಿಯಲ್‌ಗೆ 600 ರೂಪಾಯಿ. ಕ್ರೀಮು, ಪ್ಯಾಕು, ಹತ್ತಿ, ಟವೆಲ್ ಒಗೆಯೋದು ಎಲ್ಲ ಸೇರಿ ಒಬ್ಬರಿಗೆ 200 ರೂಪಾಯಿ ಸಾಮಾನು ಖರ್ಚು. ಕೈಗೆ ಉಳಿಯೋದು 400. ದಿನಕ್ಕೆ ಇಬ್ಬರು ಬಂದರೆ 800. ಇದರಲ್ಲೇ ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಸಾಲದ ಕಂತು. ಈಗ ಐವತ್ತು ಪರ್ಸೆಂಟ್ ಆಫ್ ಅಂತ ಬರೆದರು ಅಂತಿಟ್ಕೊಳ್ಳಿ. ದರ 300 ಆಯಿತು. ಸಾಮಾನು ಖರ್ಚು ಅರ್ಧ ಆಗುತ್ತಾ? ಆಗೋದಿಲ್ಲ, ಅದು 200 ರೂಪಾಯಿಗೇ ನಿಂತಿದೆ. ಉಳಿಯೋದು 100. ಮೊದಲಿನ ಅದೇ 800 ರೂಪಾಯಿ ಬೇಕು ಅಂದ್ರೆ ದಿನಕ್ಕೆ ಎಂಟು ಮಂದಿ ಬರಬೇಕು. ದರ ಅರ್ಧ ಆದರೆ ಗಿರಾಕಿ ಎರಡು ಪಟ್ಟು ಬಂದರೆ ಸಾಕು ಅಂತ ಎಲ್ಲರಿಗೂ ಅನ್ನಿಸುತ್ತೆ. ಬೇಕಾಗಿರೋದು ನಾಲ್ಕು ಪಟ್ಟು.

ಎಂಟು ಮಂದಿ ಬಂದರು ಅಂತಲೇ ಇಟ್ಟುಕೊಳ್ಳೋಣ. ಒಂದು ಫೇಶಿಯಲ್‌ಗೆ ಒಂದು ತಾಸು. ಪಾರ್ಲರ್ ಅಕ್ಕಾರು ಒಬ್ಬರೇ, ಕುರ್ಚಿ ಒಂದೇ. ಎಂಟು ತಾಸು ಬೆನ್ನು ಬಗ್ಗಿಸಿ ನಿಂತು, ಮೊದಲು ಎರಡು ತಾಸಿನಲ್ಲಿ ದುಡಿಯುತ್ತಿದ್ದ ಅಷ್ಟೇ ದುಡ್ಡು. ನಡುವೆ ಐಬ್ರೋ ಮಾಡಿಸೋಕೆ ಬಂದವರನ್ನ ಕಾಯಿಸಬೇಕು, ಅವರು ಬೇಜಾರಾಗಿ ಬೇರೆ ಕಡೆ ಹೋಗುತ್ತಾರೆ. ಐಬ್ರೋ ದರ ಕಡಿಮೆ, ಸಾಮಾನು ಅಂದ್ರೆ ಒಂದು ಗೇಣು ದಾರ ಅಷ್ಟೆ. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬರೋ ಗಿರಾಕಿ ಅವರೇ. ಪಾರ್ಲರ್‌ನ ಬಾಡಿಗೆ ಕಟ್ಟೋದು ಅವರ ಹುಬ್ಬು.

ಅಲ್ಲಿಗೂ ಮುಗಿಯಲ್ಲ. ಒಮ್ಮೆ ಅರ್ಧ ರೇಟಿಗೆ ಮಾಡಿಸಿಕೊಂಡವರು ಮುಂದಿನ ಸಲ ಪೂರ್ತಿ ರೇಟಿಗೆ ಬರೋದಿಲ್ಲ. ‘ಆಫರ್ ಮತ್ ಯಾವಾಗ ಐತ್ರಿ ಅಕ್ಕಾರ?’ ಅಂತ ಫೋನ್ ಬರುತ್ತೆ. ಆಫರ್ ಇಲ್ಲದಾಗಲೂ ಬರುತ್ತಿದ್ದ ಹಳೇ ಗಿರಾಕಿಗಳೂ ಕಾಯೋದನ್ನ ಕಲಿಯುತ್ತಾರೆ. ಎದುರು ಸಾಲಿನಲ್ಲಿ ಇನ್ನೊಂದು ಪಾರ್ಲರ್ ಇದ್ದರೆ ಅವರೂ ಬೋರ್ಡ್ ಹಾಕುತ್ತಾರೆ. ಆಮೇಲೆ ಆ ಬೋರ್ಡನ್ನ ಇಬ್ಬರಿಗೂ ತೆಗೆಯೋಕೆ ಬರೋದಿಲ್ಲ.

ಹಾಗಾದರೆ ಆಫರ್ ಕೊಟ್ಟವರು ಬದುಕೋದು ಹೇಗೆ? ದಾರಿ ಎರಡೇ. ಒಂದು, ಸಾಮಾನು ಅಗ್ಗದ್ದು ತರೋದು: ಹೆಸರು ಗೊತ್ತಿಲ್ಲದ ಕಿಟ್, ಬಿಲ್ ಇಲ್ಲದ ಕ್ರೀಮ್. ಇನ್ನೊಂದು, ಕುರ್ಚಿಯಲ್ಲಿ ಕೂತವರಿಗೆ ಇನ್ನೇನಾದರೂ ಮಾರೋದು. ಗಿರಾಕಿ ಮುಖಕ್ಕೆ ಲೈಟ್ ಹಾಕಿಕೊಂಡು ಕನ್ನಡಿ ಮುಂದೆ ಕೂತಿರುತ್ತಾಳೆ, ಎದ್ದು ಹೋಗೋ ಹಾಗಿಲ್ಲ. ಆಗ ಬರೋ ಮಾತು ನಿಮಗೆಲ್ಲ ಗೊತ್ತು. ‘ತಂಗಿ, ಮುಖಾ ಎಷ್ಟ್ ಟ್ಯಾನ್ ಆಗೇತಿ ನೋಡು. ಡಿ-ಟ್ಯಾನ್ ಹಾಕಿಬಿಡ್ಲೇನು?’ ಬೇಡ ಅನ್ನೋಕೆ ಎಷ್ಟು ಜನಕ್ಕೆ ಧೈರ್ಯ ಇದೆ? 300 ರೂಪಾಯಿ ಅಂತ ಬಂದವಳು 800 ಕೊಟ್ಟು ಹೋಗುತ್ತಾಳೆ. ಅವಳ ಮುಖ ಕಪ್ಪಾಗಿತ್ತೋ ಬಿಟ್ಟಿತ್ತೋ, ಆಫರ್‌ನಲ್ಲಿ ಕಳೆದುಕೊಂಡಿದ್ದು ಎಲ್ಲಿಂದಾದರೂ ಬರಲೇಬೇಕಿತ್ತು.

ಹುಬ್ಬು ತಿದ್ದಿಸೋಕೆ ಒಂದು ಮಿತಿ ಇದೆ, ಕೂದಲು ಬೆಳೆದಾಗ ಮಾತ್ರ. ಬಣ್ಣದ ಭಯಕ್ಕೆ ಮಿತಿ ಇಲ್ಲ. ಎಷ್ಟು ಸಲ ಬೇಕಾದರೂ ಮಾರಬಹುದು, ಎಷ್ಟು ರೇಟಿಗೆ ಬೇಕಾದರೂ ಮಾರಬಹುದು. ಅದಕ್ಕೇ 50% ಆಫ್ ಅನ್ನೋ ಬೋರ್ಡಿನ ಪಕ್ಕದಲ್ಲೇ ಡಿ-ಟ್ಯಾನ್ ಇರುತ್ತೆ. ಮೊದಲನೆಯದು ಒಳಗೆ ಕರೆಯುತ್ತೆ, ಎರಡನೆಯದು ನಷ್ಟ ತುಂಬುತ್ತೆ.

ಇನ್ನು ಪ್ಯಾಕೇಜ್ ವಿಷಯ. ‘ಆರು ಸಿಟ್ಟಿಂಗ್ ಡಿ-ಟ್ಯಾನ್, ಐದರ ದುಡ್ಡು ಕೊಡಿ, ಹದಿನೈದು ದಿನಕ್ಕೊಂದು’ ಅನ್ನೋ ಥರದ್ದು. ಇದನ್ನ ಅರ್ಥ ಮಾಡಿಕೊಳ್ಳೋಕೆ ಟ್ಯಾನ್ ಅಂದ್ರೆ ಏನು ಅಂತ ಸ್ವಲ್ಪ ತಿಳಿದಿರಬೇಕು. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತೆ. ಅದಕ್ಕೆ ದೇಹ ಕೊಡೋ ಉತ್ತರ ಮೆಲನಿನ್. ಮೆಲನಿನ್ ಕಣಗಳು ಜೀವಕೋಶದ ಕೇಂದ್ರದ ಮೇಲೆ ಛತ್ರಿ ಹಿಡಿದ ಹಾಗೆ ಕೂತು ಕಿರಣವನ್ನ ಹೀರಿಕೊಳ್ಳುತ್ತವೆ. ಟ್ಯಾನ್ ಅಂದ್ರೆ ಕೊಳೆ ಅಂದುಕೊಂಡಿದ್ದೇವೆ, ಉಜ್ಜಿ ತೆಗೆಯಬೇಕು ಅಂತ. ಅದು ಶೀಲ್ಡಿಂಗ್. ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಲ್ಲಿ ತಾನಾಗೇ ಉದುರಿ ಹೊಸದಾಗುತ್ತೆ. ಬಿಸಿಲಿಗೆ ಹೋಗೋದು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಟ್ಯಾನ್ ತಾನೇ ಇಳಿಯುತ್ತೆ.

ಈಗ ಪ್ಯಾಕೇಜನ್ನ ಮತ್ತೊಮ್ಮೆ ನೋಡಿ. ಹದಿನೈದು ದಿನಕ್ಕೊಂದರಂತೆ ಆರು ಸಿಟ್ಟಿಂಗ್, ಅಂದ್ರೆ ಎರಡೂವರೆ ತಿಂಗಳು. ಅಷ್ಟರಲ್ಲಿ ಚರ್ಮ ಎರಡು ಸಲ ಹೊಸದಾಗಿರುತ್ತೆ. ಪಾರ್ಲರ್‌ಗೆ ಹೋದರೂ ಟ್ಯಾನ್ ಇಳಿಯುತ್ತೆ, ಹೋಗದಿದ್ದರೂ ಇಳಿಯುತ್ತೆ. ಹೋದವರು ಮಾತ್ರ ‘ಆರನೇ ಸಿಟ್ಟಿಂಗ್‌ಗೆ ರಿಸಲ್ಟ್ ಬಂತು’ ಅಂತ ಇನ್ನೊಬ್ಬರಿಗೆ ಹೇಳುತ್ತಾರೆ. ಕಂಟ್ರೋಲ್ ಗ್ರೂಪ್ ಇಲ್ಲದ ಪ್ರಯೋಗವನ್ನ ನಮ್ಮ ಲ್ಯಾಬಿನಲ್ಲಿ ಸರ್ ಒಪ್ಪುತ್ತಾರಾ? ಡಿ-ಟ್ಯಾನ್ ಪ್ಯಾಕಿನಲ್ಲಿರುವ ಲ್ಯಾಕ್ಟಿಕ್ ಆಮ್ಲದಂಥ ವಸ್ತುಗಳು ಸತ್ತ ಪದರವನ್ನ ಸ್ವಲ್ಪ ಬೇಗ ಉದುರಿಸಬಹುದು, ಮುಖ ಆ ಹೊತ್ತಿಗೆ ನಯವಾಗಿ ಕಾಣುತ್ತೆ, ಅದು ಸುಳ್ಳಲ್ಲ. ಬ್ಲೀಚ್ ಕಥೆ ಬೇರೆ. ಅದು ಹೈಡ್ರೋಜನ್ ಪೆರಾಕ್ಸೈಡಿನ ಕೆಲಸ, ಮುಖದ ಸಣ್ಣ ರೋಮದ ಬಣ್ಣ ತೆಗೆಯುತ್ತೆ, ಅದರಿಂದ ಮುಖ ಬೆಳ್ಳಗೆ ಕಂಡ ಹಾಗೆ ಆಗುತ್ತೆ. ಮರುದಿನ ಸುರೇಬಾನದ ಬಸ್ಸಿಗೆ ನಿಂತರೆ ಮತ್ತೆ ಅದೇ ಬಿಸಿಲು. ಹೊಸದಾಗಿ ಪದರ ತೆಗೆಸಿಕೊಂಡ ಚರ್ಮಕ್ಕೆ ಆ ಬಿಸಿಲು ಇನ್ನಷ್ಟು ಜೋರಾಗಿ ತಾಗುತ್ತೆ.

ಪ್ಯಾಕೇಜ್ ಅನ್ನೋ ತಂತ್ರದ ಬಗ್ಗೆ ಅರ್ಥಶಾಸ್ತ್ರಜ್ಞರು ಚೆನ್ನಾಗೇ ಕೆಲಸ ಮಾಡಿದ್ದಾರೆ. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಅನ್ನುವ ಇಬ್ಬರು 2006ರಲ್ಲಿ ಅಮೆರಿಕದ ಜಿಮ್‌ಗಳ ಲೆಕ್ಕ ತೆಗೆದು ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಜಿಮ್‌ಗೆ ಹೋಗುತ್ತಿದ್ದದ್ದು ತಿಂಗಳಿಗೆ ಸರಾಸರಿ 4.3 ಸಲ. ಅಂದ್ರೆ ಒಂದು ಸಲಕ್ಕೆ 17 ಡಾಲರ್‌ಗಿಂತ ಹೆಚ್ಚು ಬಿತ್ತು. ಹತ್ತು ಭೇಟಿಯ ಪಾಸ್ ತಗೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಸಾಕಿತ್ತು. ಶೀರ್ಷಿಕೆಯೇ ‘ಜಿಮ್‌ಗೆ ಹೋಗದಿರೋಕೆ ದುಡ್ಡು ಕೊಡೋದು’ ಅನ್ನೋ ಅರ್ಥದ್ದು. ಹಾಸ್ಟೆಲ್‌ನಲ್ಲಿ ವರ್ಷದ ಜಿಮ್ ಫೀಸ್ ಕಟ್ಟಿ ಎರಡು ವಾರ ಹೋದವರು ಸ್ವಲ್ಪ ನಕ್ಕುಬಿಡಿ.

ಜಿಮ್‌ನ ಪ್ಯಾಕೇಜ್ ತಗೊಂಡು ಹೋಗದಿದ್ದರೆ ದುಡ್ಡಷ್ಟೇ ಹೋಗುತ್ತೆ. ಟ್ಯಾನಿಂಗ್ ಸಲೂನ್‌ನ ‘ತಿಂಗಳಿಗೆ ಅನ್‌ಲಿಮಿಟೆಡ್’ ಪ್ಯಾಕೇಜ್ ಇದಕ್ಕಿಂತ ಕೆಟ್ಟದ್ದು. ದುಡ್ಡು ವಸೂಲಾಗಲಿ ಅಂತ ಹೋದಷ್ಟೂ ಮೈಗೆ ಕಿರಣ ಜಾಸ್ತಿ. ಮಾರ್ಜಿನಲ್ ಕಾಸ್ಟ್ ಸೊನ್ನೆ ಮಾಡಿ, ಗಿರಾಕಿಯ ಕೈಗೆ ಅವನದೇ ಡೋಸ್ ಏರಿಸುವ ಸ್ವಿಚ್ಚು ಕೊಟ್ಟ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಯಂತ್ರಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು, ತಂಬಾಕಿನ ಜೊತೆ. ಅದೇ ವರ್ಷ ಬ್ರೆಜಿಲ್ ಚಂದಕ್ಕಾಗಿ ಇವನ್ನು ಬಳಸುವುದನ್ನೇ ನಿಷೇಧಿಸಿತು. ಅಮೆರಿಕ 2010ರ ಜುಲೈನಿಂದ ಶೇ. 10ರಷ್ಟು ತೆರಿಗೆ ಹಾಕಿತು. ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳಲ್ಲಿ 2015ರ ಜನವರಿಯಿಂದ ಇಂಥ ಅಂಗಡಿಗಳೇ ಇಲ್ಲ. ಸರ್ಕಾರವೊಂದು ಕಡೆಗೆ ಕೈಯಾಡಿಸಿದ್ದೂ ಬೆಲೆಯ ಮೇಲೇ ಅನ್ನೋದನ್ನ ಗಮನಿಸಿ. ಅಂಗಡಿಯವರು ಆಫರ್ ಕೊಟ್ಟು ಇಳಿಸಿದ್ದನ್ನ ತೆರಿಗೆ ಹಾಕಿ ಏರಿಸಿದರು.

ನಮ್ಮ ಕಡೆ ಅಪಾಯ ಪಾರ್ಲರ್‌ನ ಕುರ್ಚಿಯಲ್ಲಿ ಅಷ್ಟಿಲ್ಲ, ಅದರ ಮುಂದಿನ ಹೆಜ್ಜೆಯಲ್ಲಿದೆ. ಪ್ಯಾಕೇಜ್ ಮುಗಿದರೂ ಬೆಳ್ಳಗಾಗದ ಹುಡುಗಿಗೆ ಯಾರೋ ಮೆಡಿಕಲ್ ಶಾಪ್‌ನ ಒಂದು ಟ್ಯೂಬ್ ಹೆಸರು ಹೇಳುತ್ತಾರೆ. ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಇರುವ ಕ್ರೀಮ್. ಹಚ್ಚಿದ ವಾರದಲ್ಲೇ ಮುಖ ಬೆಳ್ಳಗೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತೆ, ಮೊಡವೆ ಏಳುತ್ತೆ, ಮುಖದ ಮೇಲೆ ಕೂದಲು ಬರುತ್ತೆ, ಬಿಟ್ಟರೆ ಉರಿ. ಚರ್ಮರೋಗ ವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿತು. ಚೀಟಿ ಕೇಳದ ಅಂಗಡಿ ಹುಡುಕೋದು ಎಷ್ಟು ಕಷ್ಟ ಅನ್ನೋದನ್ನ ನಿಮಗೇ ಬಿಡ್ತೀನಿ. ಟ್ಯೂಬಿನ ಮೇಲೆ ಈ ಮೂರು ಹೆಸರಲ್ಲಿ ಒಂದು ಇದ್ದರೂ ಚರ್ಮದ ಡಾಕ್ಟರ್ ಹೇಳದೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡೋ ಮೊದಲು ಅವರನ್ನೇ ಕೇಳಿ.

ಬಣ್ಣದ ಭಯ ಪಾರ್ಲರ್ ಅಕ್ಕಾರು ಹುಟ್ಟುಹಾಕಿದ್ದಲ್ಲ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ, ಗಂಡಸರಿಗೆ ಅಂತ ಫೇರ್ ಅಂಡ್ ಹ್ಯಾಂಡ್‌ಸಮ್ ಬಂದಿದ್ದು 2005ರಲ್ಲಿ. 2020ರಲ್ಲಿ ಮೊದಲನೆಯದು ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಪಾರ್ಲರ್‌ನ ‘ಡಿ-ಟ್ಯಾನ್’ ಅನ್ನೋದೂ ಇಂಥದೇ ಜಾಣ ಶಬ್ದ. ಬೆಳ್ಳಗೆ ಮಾಡ್ತೀವಿ ಅಂದ್ರೆ ಕೇಳೋರು ಮುಜುಗರ ಪಡ್ತಾರೆ. ಟ್ಯಾನ್ ತೆಗೀತೀವಿ ಅಂದ್ರೆ, ನಿನ್ನ ನಿಜವಾದ ಬಣ್ಣ ಬೆಳ್ಳಗೇ ಇತ್ತು, ಬಿಸಿಲು ಕದ್ದುಕೊಂಡಿದೆ, ವಾಪಸ್ ಕೊಡಿಸ್ತೀವಿ ಅಂದ ಹಾಗೆ. ಮಲಪ್ರಭೆ ದಂಡೆಯ ಹೊಲದಲ್ಲಿ ಕಬ್ಬು ಕಡಿಯೋ ಹೆಣ್ಣುಮಗಳಿಗೆ ಯಾರೂ ಡಿ-ಟ್ಯಾನ್ ಕೂಪನ್ ಕೊಡೋದಿಲ್ಲ. ಅವಳ ಮಗಳು ಡಿಗ್ರಿ ಓದಿ, ಕನ್ಯಾ ನೋಡೋಕೆ ಬರೋರು ಫೋನ್ ಮಾಡಿದ ದಿನ ಮಾತ್ರ ಕೊಡುತ್ತಾರೆ. ಆ ದಿನ ರೇಟು ಕೇಳೋ ಸ್ಥಿತಿಯಲ್ಲಿ ಅವಳೂ ಇರೋದಿಲ್ಲ, ಅವಳ ಅವ್ವನೂ ಇರೋದಿಲ್ಲ.

‘ಹಂಗಾರ ಪಾರ್ಲರ್ ಬಂದ್ ಮಾಡಂತಿ ಏನು?’ ಅಂತ ನನ್ನ ರೂಮ್‌ಮೇಟ್ ಕೇಳಿದ. ಖಂಡಿತ ಇಲ್ಲ. ನೇಕಾರಿಕೆಯೇ ಜೀವ ಆಗಿದ್ದ ನಮ್ಮಂಥ ಊರಲ್ಲಿ ಮಗ್ಗದ ಕೂಲಿ ನೆಚ್ಚಿ ಸಂಸಾರ ನಡೆಸೋದು ಕಷ್ಟ. ಹೊರಗೆ ಕೆಲಸಕ್ಕೆ ಕಳಿಸೋದಿಲ್ಲ ಅನ್ನೋ ಮನೆಯ ಹೆಣ್ಣುಮಗಳೂ ಸ್ವಂತ ದುಡಿಯಬಹುದಾದ ಕೆಲವೇ ಕಸುಬುಗಳಲ್ಲಿ ಪಾರ್ಲರ್ ಒಂದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ತರಬೇತಿ ಕೇಂದ್ರಗಳು ಈಗ ದೇಶದ ತುಂಬ ಇವೆ. ಊಟ ವಸತಿ ಕೊಟ್ಟು, ಸುಮಾರು ಒಂದು ತಿಂಗಳು ಪುಕ್ಕಟೆಯಾಗಿ ಪಾರ್ಲರ್ ಕೆಲಸ ಕಲಿಸುತ್ತಾರೆ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತೆ. ಅಷ್ಟು ಕಷ್ಟಪಟ್ಟು ಕುರ್ಚಿ ಹಾಕಿದ ಮೇಲೆ, ಇನ್‌ಸ್ಟಾಗ್ರಾಂನಲ್ಲಿ ಬೆಂಗಳೂರಿನ ಸಲೂನ್ ನೋಡಿ ಅದರ ಆಫರ್ ನಕಲು ಮಾಡೋದು ನನಗೆ ಸಂಕಟ ತರಿಸುತ್ತೆ. ದೊಡ್ಡ ಸಲೂನ್‌ಗೆ ಹತ್ತು ಕುರ್ಚಿ, ಕಂಪನಿಯಿಂದ ಸಗಟು ದರದಲ್ಲಿ ಸಾಮಾನು. ಒಂದು ಬ್ರಾಂಚಿನ ನಷ್ಟವನ್ನ ಇನ್ನೊಂದು ತಿಂದುಕೊಳ್ಳುತ್ತೆ. ಇಲ್ಲಿ ನಷ್ಟ ತಿನ್ನೋಕೆ ಇರೋದು ಅಕ್ಕಾರ ಸೊಂಟ ಮತ್ತು ಗಿರಾಕಿಯ ಮುಖ.

ಆಫರ್ ಕೊಡಲೇಬಾರದು ಅಂತಲ್ಲ. ಯಾವುದರ ಮೇಲೆ ಅನ್ನೋದು ಪ್ರಶ್ನೆ. ಪಾರ್ಲರ್ ನಿಜವಾಗಿ ಮಾರೋ ಸರಕು ಕುರ್ಚಿಯ ತಾಸು. ಇವತ್ತು ಖಾಲಿ ಹೋದ ತಾಸನ್ನ ನಾಳೆ ಮಾರೋಕೆ ಬರೋದಿಲ್ಲ, ಬಸ್ಸಿನ ಸೀಟಿನ ಹಾಗೆ. ಅದಕ್ಕೆ ರಿಯಾಯಿತಿ ಖಾಲಿ ತಾಸಿಗೆ ಇರಲಿ. ಇದನ್ನ ನಮ್ಮವರಿಗೆ ಯಾವ ಎಂಬಿಎ ಹೇಳಿಕೊಡಬೇಕಿಲ್ಲ. ಆಷಾಢ ಸೇಲ್ ಅನ್ನೋದು ಕರ್ನಾಟಕದ ಬಟ್ಟೆ ಅಂಗಡಿಯವರಿಗೆಲ್ಲ ಗೊತ್ತು. ಆಷಾಢದಲ್ಲಿ ಮದುವೆ ಇಲ್ಲ, ಗಿರಾಕಿ ಇಲ್ಲ, ಆಗ ದರ ಇಳಿಸುತ್ತಾರೆ. ಮದುವೆ ಸೀಜನ್‌ನಲ್ಲಿ ಇಳಿಸೋದಿಲ್ಲ. ಇಲೆಕ್ಟ್ರಿಕಲ್ ಬ್ರಾಂಚಿನವರಿಗೆ ಇದು ಟೈಮ್ ಆಫ್ ಡೇ ಟ್ಯಾರಿಫ್, ಲೋಡ್ ಕಡಿಮೆ ಇದ್ದಾಗ ಯೂನಿಟ್ ಅಗ್ಗ. ಮಂಗಳವಾರದಿಂದ ಗುರುವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶೇ. 20 ಕಡಿಮೆ ಅಂತ ಬರೆದರೆ ಮೇಲಿನ ನಮ್ಮ ಲೆಕ್ಕದ ಪ್ರಕಾರ ದರ 480, ಉಳಿಯೋದು 280. ಪೂರ್ತಿ ದರದ ಇಬ್ಬರು ಬೆಳಿಗ್ಗೆ ಸಂಜೆ ಬರ್ತಾನೇ ಇರುತ್ತಾರೆ. ಮಧ್ಯಾಹ್ನ ಒಬ್ಬಳು ಬಂದರೂ 280 ಮೇಲಿಂದ ಮೇಲೆ ಲಾಭ. ಬರದಿದ್ದರೆ ಹೋಗೋದೇನೂ ಇಲ್ಲ. ಕಾಲೇಜಿನ ಹುಡುಗಿಯರು, ಮಕ್ಕಳನ್ನ ಶಾಲೆಗೆ ಕಳಿಸಿದ ತಾಯಂದಿರು ಆ ಹೊತ್ತಿಗೆ ಬರಬಲ್ಲರು. ಕಾಯ್ದಿಟ್ಟ ಹಳೇ ಗಿರಾಕಿಗಳಿಗೆ ಐದು ಐಬ್ರೋಗೆ ಆರನೇದು ಪುಕ್ಕಟೆ ಅಂತ ಒಂದು ಕಾರ್ಡ್ ಕೊಟ್ಟರೆ ಖರ್ಚು ಒಂದು ಗೇಣು ದಾರ.

ಮತ್ತೆ ಬೋರ್ಡು. ಎಲ್ಲ ಸೇವೆಯ ದರ ಗೋಡೆ ಮೇಲೆ ಬರೆದಿರಲಿ, ಸೇರಿಸುವ ಯಾವುದಿದ್ದರೂ ಕೂರೋ ಮೊದಲೇ ಹೇಳಲಿ. ಕಡಿಮೆ ಬೆಲೆ ತೋರಿಸಿ ಕರೆದು, ಆ ಬೆಲೆಗೆ ಕೊಡುವ ಉದ್ದೇಶವೇ ಇಲ್ಲದಿದ್ದರೆ ಅದು ಗಾಳ ಹಾಕುವ ಜಾಹೀರಾತು. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಅದನ್ನ ಹೆಸರು ಹಿಡಿದೇ ತಡೆಯುತ್ತೆ. ಗ್ರಾಹಕ ಸಹಾಯವಾಣಿ 1915. ಊರ ಅಕ್ಕಾರ ಮೇಲೆ ಫೋನ್ ಮಾಡಿ ಅಂತ ನಾನು ಹೇಳ್ತಿಲ್ಲ. ನೂರಾರು ಬ್ರಾಂಚ್ ಇರೋ ಸಲೂನ್‌ಗಳ ಆ್ಯಪ್ ಆಫರ್ ನೋಡುವಾಗ ಆ ನಂಬರ್ ನೆನಪಿರಲಿ.

ಇದೆಲ್ಲ ಓದೋ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಯಾಕೆ? ಡಿ-ಟ್ಯಾನ್ ಗಿರಾಕಿಗಳಲ್ಲಿ ನಾವೂ ಇದ್ದೀವಿ, ಹುಡುಗರೂ ಸೇರಿ. ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಹಿಂದಿನ ದಿನ ಕಟಿಂಗ್ ಮಾಡಿಸೋಕೆ ಹೋಗಿ ‘ಸರ್, ಡಿ-ಟ್ಯಾನ್ ಮಾಡ್ಲಾ’ ಅನ್ನೋದಕ್ಕೆ ತಲೆ ಆಡಿಸಿ ಬಂದವರನ್ನ ನನ್ನ ಫ್ಲೋರಿನಲ್ಲೇ ಎಣಿಸಬಲ್ಲೆ. ಫೆಸ್ಟ್ ಬಂದಾಗ ಸ್ಪಾನ್ಸರ್ ಹುಡುಕೋರೂ ನಾವೇ. ಬ್ರೋಷರ್‌ನ ಹಿಂಬದಿಯಲ್ಲಿ ‘ಈ ಕೂಪನ್ ತಂದರೆ ಡಿ-ಟ್ಯಾನ್ ಅರ್ಧ ಬೆಲೆ’ ಅಂತ ಅಚ್ಚಾದಾಗ ಅದು ಕಾಲೇಜಿನ ಲೋಗೋ ಜೊತೆ ನಮ್ಮ ಜೂನಿಯರ್‌ಗಳ ಕೈಗೆ ಹೋಗುತ್ತೆ. ಸ್ಪಾನ್ಸರ್ ಬೇಡ ಅನ್ನೋ ಸ್ಥಿತಿಯಲ್ಲಿ ಯಾವ ಕಮಿಟಿಯೂ ಇಲ್ಲ ಅನ್ನೋದು ಗೊತ್ತು. ಆದರೆ ಕೂಪನ್ ಯಾವುದರ ಮೇಲೆ ಅಂತ ಕೇಳಬಹುದಲ್ಲ. ಹೇರ್‌ಕಟ್ ಮೇಲೆ ಕೊಡಿ, ಮಧ್ಯಾಹ್ನದ ಹೊತ್ತಿಗೆ ಕೊಡಿ ಅನ್ನಬಹುದು. ಅಂಗಡಿಯವರಿಗೂ ಅದರಲ್ಲೇ ಲಾಭ ಅಂತ ಕಾಗದದ ಮೇಲೆ ತೋರಿಸೋ ಲೆಕ್ಕ ಈಗ ನಿಮ್ಮ ಹತ್ತಿರ ಇದೆ.

ರಜೆಗೆ ಊರಿಗೆ ಹೋಗೋರಿಗೆ ಇನ್ನೊಂದು ಕೆಲಸ. ನಿಮ್ಮ ಓಣಿಯಲ್ಲೂ ಒಬ್ಬರು ಪಾರ್ಲರ್ ಇಟ್ಟ ಅಕ್ಕ, ಅತ್ತಿಗೆ, ಚಿಗವ್ವ ಇದ್ದೇ ಇರ್ತಾರೆ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಯಾವ ದಿನ, ಯಾವ ತಾಸು, ಕುರ್ಚಿ ಖಾಲಿಯೋ ತುಂಬಿತ್ತೋ, ಸಾಮಾನು ಎಷ್ಟು ಹೋಯಿತು ಅಂತ ಒಂದು ತಿಂಗಳು ಬರೆದಿಡೋಕೆ ಹೇಳಿ. ತಿಂಗಳಾದ ಮೇಲೆ ಆ ಪುಟಗಳ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್‌ಗೆ ಹಾಕಿ, ಅವರ ಖಾಲಿ ತಾಸು ಯಾವುದು ಅಂತ ಅವರಿಗೇ ಫೋನ್ ಮಾಡಿ ಹೇಳಿ.